ಪೆರುವಿನ ಕರಾವಳಿಯಲ್ಲಿ ಯಾವ ಹೊತ್ತಿಗೆ ಎಲ್ಲಿ ಉಣ್ಣಬೇಕು

ಪೆರು ದೇಶದ ದಕ್ಷಿಣ ಕರಾವಳಿಯಲ್ಲಿ, ರಾಜಧಾನಿ ಲಿಮಾದಿಂದ 500 ಕಿಲೋಮೀಟರಿಗೂ ದೂರದಲ್ಲಿ, ಸಾನ್ ಹುವಾನ್ ದೆ ಮಾರ್ಕೋನಾ ಎಂಬ ಬಂದರು ಊರಿದೆ; ನಮ್ಮ ಸಂಡೂರಿನಂತೆ ಅದೂ ಕಬ್ಬಿಣದ ಅದಿರನ್ನು ನಂಬಿಕೊಂಡು ಬದುಕುವ ಊರು. ಯಂತ್ರಗಳ ದುರಸ್ತಿ ಕೆಲಸಕ್ಕಾಗಿ ನಾನು ಅಲ್ಲಿಗೆ ಹೋಗಿ, ರಜೆ ಸಿಕ್ಕಾಗಲೆಲ್ಲ ಕರಾವಳಿಯ ಬೇರೆ ಊರುಗಳನ್ನೂ ಸುತ್ತಿ ಬಂದ ಮೇಲೆ, ಆ ಕಡೆ ಹೊರಡುವ ತೋರಣಗಲ್ಲು, ಬಳ್ಳಾರಿಯ ಗೆಳೆಯರು ವೀಸಾಕ್ಕಿಂತ ಮೊದಲು ಊಟದ ವಿಚಾರವನ್ನೇ ಕೇಳುತ್ತಾರೆ. ಅವರಿಗೆ ನಾನು ಹೋಟೆಲುಗಳ ಹೆಸರು ಬರೆದುಕೊಡುವುದಿಲ್ಲ. ಅಲ್ಲಿ ಒಂದೊಂದು ಬಗೆಯ ಊಟದ ಮನೆಗೂ ತನ್ನದೇ ಆದ ಹೊತ್ತು ಇದೆ. ಆ ಹೊತ್ತು ತಿಳಿದು, ಬೋರ್ಡಿನ ಮೇಲಿನ ನಾಲ್ಕೈದು ಶಬ್ದಗಳನ್ನು ಗುರುತಿಸಲು ಬಂದರೆ ಯಾವ ಊರಿನಲ್ಲೂ ಹಸಿದುಕೊಂಡು ಮಲಗಬೇಕಾಗುವುದಿಲ್ಲ.

ಅಲ್ಲಿ ದಿನದ ದೊಡ್ಡ ಊಟ ಮಧ್ಯಾಹ್ನದ್ದು. ಒಂದರಿಂದ ಮೂರರ ನಡುವೆ ಪೇಟೆಯ ಸಣ್ಣ ಊಟದ ಮನೆಗಳ ಮುಂದೆ 'ಮೆನು' ಎಂದು ಸೀಮೆಸುಣ್ಣದಲ್ಲಿ ಬರೆದ ಹಲಗೆ ಕಾಣಿಸುತ್ತದೆ. ಹೊಸಬರು ಎಡವುವುದೇ ಇಲ್ಲಿ. ಒಳಗೆ ಕುಳಿತು 'ಮೆನು ಕೊಡಿ' ಎಂದರೆ ತಿನಿಸುಗಳ ಪಟ್ಟಿ ಬರುವುದಿಲ್ಲ, ನೇರವಾಗಿ ಸೂಪು ಬರುತ್ತದೆ. ಏಕೆಂದರೆ ಅಲ್ಲಿ ಮೆನು ಎಂದರೆ ನಮ್ಮ ಖಾನಾವಳಿಯ ಊಟದಂತೆ ನಿಗದಿತ ಬೆಲೆಯ ಪೂರ್ತಿ ಊಟ. ಪಟ್ಟಿ ಬೇಕಾದರೆ 'ಕಾರ್ತಾ' ಎಂದು ಕೇಳಬೇಕು. ಮೆನುವಿನಲ್ಲಿ ಮೊದಲು ಸೂಪು ಅಥವಾ ಒಂದು ತಣ್ಣನೆಯ ಪದಾರ್ಥ, ಆಮೇಲೆ 'ಸೆಗುಂದೊ' ಎನ್ನುವ ಮುಖ್ಯ ತಟ್ಟೆ, ಜೊತೆಗೆ ಒಂದು ಲೋಟ ಪಾನಕ ಇರುತ್ತವೆ. ಸಣ್ಣ ಊರುಗಳಲ್ಲಿ ನಾನು ಇದಕ್ಕೆ 10ರಿಂದ 15 ಸೋಲ್ ಕೊಟ್ಟಿದ್ದೇನೆ. ಒಂದು ಸೋಲ್ ನಮ್ಮ 20 ರೂಪಾಯಿಗಿಂತ ಹೆಚ್ಚು. ಸಿರುಗುಪ್ಪ, ಗಂಗಾವತಿಯ ಅನ್ನ ಉಂಡು ಬೆಳೆದವರಿಗೆ ಸಮಾಧಾನದ ಸಂಗತಿಯೆಂದರೆ ಮುಖ್ಯ ತಟ್ಟೆಯಲ್ಲಿ ಏನೇ ಇದ್ದರೂ ಪಕ್ಕದಲ್ಲಿ ಅನ್ನ ಇದ್ದೇ ಇರುತ್ತದೆ, ಎಷ್ಟೋ ಸಲ ಅನ್ನದ ಜೊತೆಗೆ ಆಲೂಗಡ್ಡೆಯೂ ಇರುತ್ತದೆ. ಇಂಥ ಮನೆಗಳನ್ನು ಮಾರುಕಟ್ಟೆಯ ಸುತ್ತ, ಇಲ್ಲವೇ ಊರ ನಡುವಿನ ಚೌಕದಿಂದ ಒಂದೆರಡು ಬೀದಿ ಹಿಂದೆ ಹುಡುಕಿರಿ. ಕಡಲ ದಂಡೆಯ ಮೇಲೆ ಪಟ್ಟಿ ಹಿಡಿದು ಕೂಗಿ ಕರೆಯುವವರ ಹತ್ತಿರ ಅದೇ ಊಟಕ್ಕೆ ದುಡ್ಡು ಹೆಚ್ಚು.

ಮಧ್ಯಾಹ್ನವೇ ಹೋಗಬೇಕಾದ ಇನ್ನೊಂದು ಜಾಗ 'ಸೆವಿಚೆರಿಯಾ'. ಹಸಿ ಮೀನಿನ ತುಂಡುಗಳನ್ನು ನಿಂಬೆರಸ, ಉಪ್ಪು, ಹಸಿಮೆಣಸಿನಕಾಯಿ, ಕೊತ್ತಂಬರಿಗಳಲ್ಲಿ ಕಲಸಿ, ಮೇಲೆ ಎಳೆಎಳೆಯಾಗಿ ಹೆಚ್ಚಿದ ಕೆಂಪು ಈರುಳ್ಳಿ ಹಾಕಿ ಕೊಡುವ ಸೆವಿಚೆ ಆ ದೇಶದ ಹೆಮ್ಮೆಯ ತಿನಿಸು. 2023ರಲ್ಲಿ ಯುನೆಸ್ಕೊ ಅದರ ತಯಾರಿಕೆಯ ಪದ್ಧತಿಯನ್ನು ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಆ ಕಡಲಿನ ಅಂಚಿನಲ್ಲಿ ಹರಿಯುವ ಹಂಬೋಲ್ಟ್ ಎಂಬ ತಣ್ಣೀರಿನ ಪ್ರವಾಹ ತಳದಿಂದ ಪೋಷಕಾಂಶಗಳನ್ನು ಮೇಲಕ್ಕೆ ತರುವುದರಿಂದ ಮೀನಿಗೆ ಬರವಿಲ್ಲ. ಆದರೆ ಮೀನು ಬೆಳಗಿನ ಜಾವ ದಡಕ್ಕೆ ಬರುತ್ತದೆ, ಆದಕಾರಣ ಸೆವಿಚೆಯೂ ಹಗಲಿನದೇ. ಹಳೆಯ ಪದ್ಧತಿಯ ಅಂಗಡಿಗಳು ಸಂಜೆ ನಾಲ್ಕು ಐದರ ಹೊತ್ತಿಗೆ ಬಾಗಿಲು ಹಾಕುತ್ತವೆ. ನಿಂಬೆಯ ಹುಳಿ ಮೀನಿನ ಬಣ್ಣವನ್ನೂ ಮೈಯನ್ನೂ ಬದಲಿಸಿ ಬೆಂದಂತೆ ಮಾಡುತ್ತದೆಯೇ ಹೊರತು ಬೆಂಕಿಯಂತೆ ರೋಗಾಣುಗಳನ್ನು ಕೊಲ್ಲುವುದಿಲ್ಲ ಎಂಬುದನ್ನು ಮರೆಯಬಾರದು.

ನಾನು ಇದನ್ನು ಮರೆತು ಅನುಭವಿಸಿದ್ದೇನೆ. ಒಂದು ಪ್ರವಾಸಿ ಊರಿನಲ್ಲಿ, ದೀಪದ ಸರ ಹಾಕಿದ್ದ ಅಂಗಡಿಯೊಂದರಲ್ಲಿ, ರಾತ್ರಿ ಎಂಟಕ್ಕೆ ಸೆವಿಚೆ ತರಿಸಿದೆ. ಈರುಳ್ಳಿ ಬಾಡಿ ಜೋಲುತ್ತಿತ್ತು, ಮೀನು ಒಳಗಿನವರೆಗೂ ಸುಣ್ಣದಂತೆ ಬಿಳಿಚಿಕೊಂಡು, ಬಾಯಲ್ಲಿ ಹಿಟ್ಟಾಗುತ್ತಿತ್ತು. ದುಡ್ಡು ಕೊಟ್ಟಿದ್ದೇನಲ್ಲ ಎಂಬ ಜಿಪುಣತನದಿಂದ ತಟ್ಟೆ ಖಾಲಿ ಮಾಡಿದೆ, ಎರಡು ದಿನ ಕೋಣೆ ಬಿಟ್ಟು ಏಳಲಿಲ್ಲ. ಒಳ್ಳೆಯ ಅಂಗಡಿಯಲ್ಲಿ ನೀವು ಹೇಳಿದ ಮೇಲೆಯೇ ನಿಂಬೆ ಹಿಂಡುತ್ತಾರೆ, ಮೀನಿನ ತುಂಡಿನ ಅಂಚು ಬೆಳ್ಳಗಾಗಿದ್ದರೂ ನಡುವೆ ಹೊಳಪು ಉಳಿದಿರುತ್ತದೆ, ಈರುಳ್ಳಿ ಕರಕರ ಎನ್ನುತ್ತದೆ. ಪಕ್ಕದಲ್ಲಿ ಬೇಯಿಸಿದ ಸಿಹಿಗೆಣಸು, ಹೆಬ್ಬೆರಳಿನ ಉಗುರಿನಷ್ಟು ದಪ್ಪ ಕಾಳಿನ ಬೆಂದ ಮೆಕ್ಕೆಜೋಳ, 'ಕಾಂಚಾ' ಎಂಬ ಹುರಿದ ಮೆಕ್ಕೆಜೋಳ ಇರುತ್ತವೆ. ತಟ್ಟೆಯ ತಳದಲ್ಲಿ ಉಳಿಯುವ ಹುಳಿಖಾರದ ರಸಕ್ಕೆ ಅಲ್ಲಿನವರು 'ಹುಲಿಯ ಹಾಲು' ಎಂಬ ಅರ್ಥದ ಹೆಸರಿಟ್ಟಿದ್ದಾರೆ; ಅದನ್ನು ಬಿಡದೆ ಕುಡಿಯಿರಿ. ಹಸಿ ಮೀನು ಬೇಡವೆಂದರೆ ಅದೇ ಅಂಗಡಿಯಲ್ಲಿ 'ಹಲೇಯಾ' ಎನ್ನುವ ಕರಿದ ಮೀನಿನ ತಟ್ಟೆ ಸಿಗುತ್ತದೆ.

ಸಂಜೆಯಾದ ಮೇಲೆ ಎರಡು ಬೋರ್ಡುಗಳನ್ನು ನಂಬಬಹುದು. ಒಂದು 'ಪೊಯೆರಿಯಾ', ಇಡೀ ಕೋಳಿಗಳನ್ನು ಕೆಂಡದ ಮುಂದೆ ಕಂಬಿಯಲ್ಲಿ ತಿರುಗಿಸಿ ಸುಟ್ಟು, ಕಾಲುಭಾಗ, ಅರ್ಧ ಎಂದು ಕತ್ತರಿಸಿ ಕೊಡುತ್ತಾರೆ, ಜೊತೆಗೆ ಕರಿದ ಆಲೂಗಡ್ಡೆ. ಇನ್ನೊಂದು 'ಚೀಫಾ'. 1849ರಿಂದ ಪೆರುವಿಗೆ ಕೂಲಿಗಳಾಗಿ ಬಂದ ಚೀನೀಯರ ಅಡುಗೆ ಅಲ್ಲಿನ ಅಡುಗೆಯೊಂದಿಗೆ ಬೆರೆತು ಹುಟ್ಟಿದ ಊಟದ ಮನೆ ಇದು. ಎಷ್ಟು ಸಣ್ಣ ಊರಾದರೂ ಒಂದು ಚೀಫಾ ಸಿಗುತ್ತದೆ, 'ಚಾವುಫಾ' ಎಂಬ ಹುರಿದನ್ನ ಹೊಟ್ಟೆ ತುಂಬುವಷ್ಟು ಬರುತ್ತದೆ. ಸಪ್ಪೆ ಎನ್ನಿಸಿದರೆ 'ಆಹಿ' ಎಂದು ಕೇಳಿರಿ, ಮೆಣಸಿನಕಾಯಿಯ ಚಟ್ನಿ ಕೊಡುತ್ತಾರೆ. ಮೆಣಸಿನಕಾಯಿ ಮೂಲತಃ ಆ ಖಂಡದ್ದೇ. ನಮ್ಮ ಕಡೆಯ ಖಾರದ ಗರ್ವವನ್ನು 'ರೊಕೊತೊ' ಎಂಬ ದುಂಡನೆಯ ಕಾಯಿಯ ಮುಂದೆ ತೋರಿಸಲು ಹೋಗಬೇಡಿ.

ಸಸ್ಯಾಹಾರಿಗಳಿಗೆ ಸ್ವಲ್ಪ ಬಿಡಿಸಿ ಹೇಳಬೇಕು. 'ಕಾರ್ನೆ ಬೇಡ' ಎಂದಷ್ಟೇ ಹೇಳಿದರೆ ಅವರು ದನದ ಮಾಂಸ ಬೇಡವೆಂದು ತಿಳಿದು ಕೋಳಿ ಹಾಕಿ ತರುತ್ತಾರೆ. 'ನೋ ಕೋಮೊ ಕಾರ್ನೆ, ನಿ ಪೊಯೊ, ನಿ ಪೆಸ್ಕಾದೊ' ಎಂದು ಮಾಂಸ, ಕೋಳಿ, ಮೀನು ಮೂರನ್ನೂ ಬಿಡಿಸಿ ಹೇಳಿರಿ. ತರಕಾರಿ ಸೂಪಿನ ನೀರೂ ಕೋಳಿಯ ಎಲುಬು ಬೇಯಿಸಿದ್ದಾಗಿರಬಹುದು, ಬೀನ್ಸ್ ಕಾಳಿನ ಸಾರಿಗೆ ಹಂದಿಯ ಕೊಬ್ಬು ಹಾಕಿರಬಹುದು. ಚೀಸ್ ಮತ್ತು ಹಳದಿ ಮೆಣಸಿನಕಾಯಿಯ ಗೊಜ್ಜು ಸುರಿದ ಆಲೂಗಡ್ಡೆ, ಅಂದರೆ 'ಪಾಪಾ ಆ ಲಾ ವಾಂಕಾಯಿನಾ', ಸುಲಭವಾಗಿ ಸಿಗುತ್ತದೆ; ಮೇಲಿಡುವ ಮೊಟ್ಟೆಯ ಹೋಳು ಬೇಡವೆಂದರಾಯಿತು. ಚೀಫಾದಲ್ಲಿ ತರಕಾರಿಯಷ್ಟೇ ಹಾಕಿದ ಚಾವುಫಾ ಮಾಡಿಸಿಕೊಳ್ಳಬಹುದು. ಬೆಳಿಗ್ಗೆ ತಳ್ಳುಗಾಡಿಗಳಲ್ಲಿ ಬೆಣ್ಣೆಹಣ್ಣು ತುಂಬಿದ ಬ್ರೆಡ್ಡು ಸಿಗುತ್ತದೆ, ಜೊತೆಗೆ ಹುರಿದ ಬಾರ್ಲಿ, ಅಗಸಿ, ಗಿಡಮೂಲಿಕೆಗಳನ್ನು ಕುದಿಸಿದ 'ಎಮೊಲಿಯೆಂತೆ' ಎಂಬ ಬಿಸಿ ಕಷಾಯ. ಅಗಸಿಯ ಲೋಳೆ ನಾಲಿಗೆಗೆ ತಾಗುತ್ತಲೇ ನನಗೆ ಮನೆಯ ಅಗಸಿ ಚಟ್ನಿ ನೆನಪಾಗಿ ರೊಟ್ಟಿಯ ಆಸೆ ಹತ್ತಿತು. ದನದ ಮಾಂಸ ತಿನ್ನದವರು 'ಲೋಮೊ ಸಾಲ್ತಾದೊ' ಮತ್ತು 'ಅಂತಿಕುಚೊ' ಎಂಬ ಎರಡು ಹೆಸರುಗಳನ್ನು ನೆನಪಿಡಬೇಕು. ಎರಡನೆಯದು ದನದ ಹೃದಯವನ್ನು ಕಡ್ಡಿಗೆ ಚುಚ್ಚಿ ಸುಟ್ಟದ್ದು.

ಊರೂರಿಗೂ ಒಂದೊಂದು ವಿಶೇಷ ಉಂಟು. ಉತ್ತರದ ತ್ರುಹಿಯೊದಲ್ಲಿ ಗೋಧಿ, ಕಾಳು, ಹಂದಿಮಾಂಸದ 'ಶಾಂಬರ್' ಎಂಬ ದಪ್ಪ ಸೂಪನ್ನು ಸೋಮವಾರ ಮಾಡುವುದು ರೂಢಿ. ಚಿಕ್ಲಾಯೊದಲ್ಲಿ ಬಾತುಕೋಳಿಯ ಅನ್ನ ಕೇಳಿರಿ. ಲಿಮಾದ ದಕ್ಷಿಣಕ್ಕಿರುವ ಚಿಂಚಾದಲ್ಲಿ, ಆಫ್ರಿಕಾದಿಂದ ಗುಲಾಮರಾಗಿ ಬಂದವರ ವಂಶಸ್ಥರ ನಡುವೆ, ಆಲೂಗಡ್ಡೆಗೆ ಶೇಂಗಾ ಹಾಕಿ ಬೇಯಿಸುವ 'ಕಾರಾಪುಲ್ಕ್ರಾ' ಸಿಗುತ್ತದೆ.

ನಲ್ಲಿಯ ನೀರನ್ನು ಎಲ್ಲೂ ಕುಡಿಯಬೇಡಿ. ನೇರಳೆ ಮೆಕ್ಕೆಜೋಳವನ್ನು ಕುದಿಸಿ ಮಾಡುವ 'ಚಿಚಾ ಮೊರಾದಾ' ಒಳ್ಳೆಯ ಪಾನಕ. ಮಾರುಕಟ್ಟೆಯ ಹಣ್ಣಿನ ರಸದ ಅಂಗಡಿಯಲ್ಲಿ ಲೋಟ ಖಾಲಿಯಾದ ಮೇಲೆ 'ಯಾಪಾ' ಎಂದು ಕೇಳಿದರೆ ಜಾರಿನಲ್ಲಿ ಉಳಿದದ್ದನ್ನು ಸುರಿಯುತ್ತಾರೆ. ನಮ್ಮ ಸಂತೆಯ ಕೊಸರು ಅದೇ.

ರಾತ್ರಿ ಊಟದ ಮೇಲೆ ಚೌಕದ ಮೂಲೆಯಲ್ಲಿ 'ಪಿಕರೋನೆಸ್' ಕರಿಯುವ ಗಾಡಿಯನ್ನು ಹುಡುಕಿ ಹೋಗಿ. ಸಿಹಿಗೆಣಸು ಮತ್ತು ಕುಂಬಳಕಾಯಿ ಬೆರೆಸಿ ಹುದುಗು ಬರಿಸಿದ ಹಿಟ್ಟನ್ನು ಅಜ್ಜಿ ಒದ್ದೆ ಕೈಯಲ್ಲಿ ಎತ್ತಿಕೊಂಡು, ಹೆಬ್ಬೆರಳಿನಿಂದ ನಡುವೆ ತೂತು ಮಾಡಿ, ಬೆರಳಿನಲ್ಲೇ ತಿರುಗಿಸಿ ಎಣ್ಣೆಗೆ ಜಾರಿಸುತ್ತಾಳೆ. ಬಳೆಯಂತೆ ಉಬ್ಬಿದ್ದನ್ನು ಉದ್ದ ಕಡ್ಡಿಯಿಂದ ಎತ್ತಿ ತಟ್ಟೆಗಿಟ್ಟು ಮೇಲೆ 'ಚಂಕಾಕಾ' ಪಾಕ ಸುರಿಯುತ್ತಾಳೆ. ಚಂಕಾಕಾ ಎಂದರೆ ನಮ್ಮ ಬೆಲ್ಲವೇ, ಲವಂಗ, ಚಕ್ಕೆಯ ವಾಸನೆಯದು. ಪಾಕ ಮೊಣಕೈವರೆಗೆ ಇಳಿಯುತ್ತದೆ, ಆದ್ದರಿಂದ ತಟ್ಟೆ ಕೈಗೆ ಬರುವ ಮೊದಲೇ ನಾಲ್ಕು ಕಾಗದ ಕೇಳಿಟ್ಟುಕೊಳ್ಳಿ.