ಕಬ್ಬಿನ ಲೋಡ್ ಎಳೆಯೋಕೆ ಎಂಥ ಟ್ರ್ಯಾಕ್ಟರ್ ತಗೋಬೇಕು?

ಶೋರೂಮಿಗೆ ಹೋದ ತಕ್ಷಣ ಎಷ್ಟು ಎಚ್‌ಪಿ ಬೇಕು ಸಾರ್ ಅಂತಾರೆ. ನೀವು ಎಚ್‌ಪಿ ಬಿಟ್ಟು ಲೋಡಿಂದ ಶುರು ಮಾಡಿ. ಫ್ಯಾಕ್ಟರಿ ತೂಕದ ಚೀಟಿ ತೆಗೆದು ಟ್ರೇಲರ್ ಕಬ್ಬು ಎರಡೂ ಸೇರಿ ಎಷ್ಟು ಟನ್ ಅಂತ ಬರ್ಕೊಳಿ, ಬಾಯಲ್ಲಿ ಹೇಳೋ ತೂಕ ನಂಬ್ಬೇಡಿ.

ಆಮೇಲೆ ದಾರಿ. 10 ಟನ್ ಲೋಡು ಸಮತಟ್ಟು ಟಾರ್ ರೋಡಲ್ಲಿ ಉರುಳೋಕೆ ಹೆಚ್ಚುಕಮ್ಮಿ 200 ಕೆಜಿ ಎಳೆತ ಸಾಕು, ಅದೇ ಲೋಡು ಹಸಿ ಗದ್ದೆಯಿಂದ ಆಚೆ ಬರ್ಬೇಕಂದ್ರೆ 1 ಟನ್ನಿಗೂ ಜಾಸ್ತಿ ಬೇಕಾಗುತ್ತೆ, 20 ಅಡಿಗೆ 1 ಅಡಿ ಏರೋ ದಿಬ್ಬ ಸಿಕ್ರೆ ಮೇಲೆ ಇನ್ನೊಂದು 500 ಕೆಜಿ. ನಿಮ್ಮ ದಾರೀಲಿ ಎಲ್ಲಕ್ಕಿಂತ ಕಷ್ಟದ ಜಾಗ ಯಾವ್ದೋ ಅದಕ್ಕೇ ಲೆಕ್ಕ ಹಾಕಿ.

ಈಗ ಟ್ರ್ಯಾಕ್ಟರ್ ತೂಕ, ಜಾಸ್ತಿ ಜನ ಎಡವೋದು ಇಲ್ಲೇ. ನಮ್ಮ ಗದ್ದೇಲೇ ನೋಡಿದ್ದೀನಿ, 50 ಎಚ್‌ಪಿ ಇಂಜಿನ್ ಆರಾಮಾಗಿ ಓಡ್ತಿದೆ, ಹಿಂದಿನ ಟೈರು ಮಾತ್ರ ನಿಂತಲ್ಲೇ ತಿರುಗ್ತಾ ತಿರುಗ್ತಾ ಹಲ್ಲಿನ ಸಂದೀಲೆಲ್ಲ ಮಣ್ಣು ತುಂಬ್ಕೊಂಡು ನುಣ್ಣಗಾಗಿ ಆಕ್ಸಲ್ ತನಕ ಹೂತೋಯ್ತು. ಪವರ್ ಇತ್ತು, ಹಿಡಿತ ಇರ್ಲಿಲ್ಲ. ಮೆತ್ತನೆ ಮಣ್ಣಲ್ಲಿ ಟೂ ವೀಲ್ ಡ್ರೈವ್, ಅಂದ್ರೆ ಹಿಂದಿನ ಎರಡು ಚಕ್ರಕ್ಕೆ ಮಾತ್ರ ಪವರ್ ಹೋಗೋ ಟ್ರ್ಯಾಕ್ಟರ್ ತನ್ನ ತೂಕದ ಅರ್ಧ ಎಳೆದ್ರೆ ಅದೇ ದೊಡ್ಡದು. ಹಂಗಾಗಿ ಗಾಡಿ ತೂಕ ಕೇಳಿ, ಹಿಂದೆ ಅಗಲದ ಟೈರ್ ಕೇಳಿ, ತೂಕ ಬರೋಕೆ ಟೈರಿಗೆ ನೀರು ತುಂಬ್ಸಿ, ಗದ್ದೆ ಕೆಲಸ ಜಾಸ್ತಿ ಇದ್ರೆ ಫೋರ್ ವೀಲ್ ಡ್ರೈವ್‌ಗೆ ದುಡ್ಡು ಹಾಕಿ. ಮುಂದೆ ವೇಟ್ ಇಲ್ದಿದ್ರೆ ಮೂತಿ ಎದ್ದು ಸ್ಟೇರಿಂಗ್ ಕೈಗೆ ಸಿಗಲ್ಲ. ಲೋಡ್ ಎಳೆಯೋ ಸರಪಳಿನ ಯಾವ ಕಾರಣಕ್ಕೂ ಆಕ್ಸಲ್‌ಗಿಂತ ಮೇಲೆ ಕಟ್ಬೇಡಿ, ಟ್ರ್ಯಾಕ್ಟರ್ ಹಿಂದಕ್ಕೆ ಮಗುಚಿ ಡ್ರೈವರ್ ಮೇಲೇ ಬೀಳುತ್ತೆ.

ಇಂಜಿನ್ ವಿಷ್ಯಕ್ಕೆ ಬಂದ್ರೆ ಕಮ್ಮಿ ಆರ್‌ಪಿಎಮ್‌ನಲ್ಲಿ ಟಾರ್ಕ್, ಅಂದ್ರೆ ಇಂಜಿನ್ ತಿರುಗಿಸೋ ಬಲ, ಎಷ್ಟು ಅಂತ ಕೇಳಿ, ದಿಬ್ಬ ಹತ್ತುವಾಗ ಇಂಜಿನ್ ಸ್ಪೀಡ್ ಇಳಿದಾಗ ಕೈ ಹಿಡಿಯೋದು ಅದೇ. 50 ಎಚ್‌ಪಿ ದಾಟಿದ ಗಾಡಿಗಳಿಗೆ 2023ರ ಜನವರಿಯಿಂದ ಹೊಸ ಹೊಗೆ ನಿಯಮ ಬಂದಿದೆ, ರೇಟೂ ಮೇಲಿದೆ, ಅಷ್ಟು ನಿಜವಾಗ್ಲೂ ಬೇಕಾ ನೋಡ್ಕೊಳಿ. ಮಧ್ಯಪ್ರದೇಶದ ಬುದ್ನೀಲಿ ಕೇಂದ್ರ ಸರ್ಕಾರದ ಟೆಸ್ಟಿಂಗ್ ಸಂಸ್ಥೆ ಇದೆ, ಅಲ್ಲಿನ ರಿಪೋರ್ಟಲ್ಲಿ ಡ್ರಾಬಾರ್ ಎಳೆತ, ಅಂದ್ರೆ ಹಿಂದಿನ ಕೊಂಡಿಯಲ್ಲಿ ಗಾಡಿ ಎಳೆಯೋ ಬಲ, ಎಷ್ಟು ಅಂತ ಅಳೆದು ಬರೆದಿರ್ತಾರೆ, ಡೀಲರ್ ಹತ್ರ ಅದನ್ನೇ ಕೇಳಿ.

ಬ್ರೇಕು ಮರೀಬೇಡಿ. ಟ್ರೇಲರ್‌ಗೆ ಬ್ರೇಕ್ ಇಲ್ದಿದ್ರೆ ಇಳಿಜಾರಲ್ಲಿ ಅಷ್ಟೂ ಟನ್ ಟ್ರ್ಯಾಕ್ಟರ್ ಬೆನ್ನಿಗೆ ಬಂದು ತಳ್ಳುತ್ತೆ. ಟ್ರ್ಯಾಕ್ಟರ್‌ಗೆ ಆಯಿಲ್ ಬ್ರೇಕೇ (ಎಣ್ಣೇಲಿ ಮುಳುಗಿರೋ ಬ್ರೇಕ್) ತಗೊಳಿ, ರೋಡಿಗಿಳಿಯೋ ಮುಂಚೆ ಎಡ ಬಲ ಬ್ರೇಕ್ ಪೆಡಲ್ ಎರಡೂ ಸೇರ್ಸಿ ಲಾಕ್ ಹಾಕಿ.

ಅಡ್ವಾನ್ಸ್ ಕೊಡೋ ಮುಂಚೆ ಡೆಮೊ ಗಾಡಿ ಊರಿಗೇ ತರ್ಸಿ, ನಿಮ್ಮ ಟ್ರೇಲರ್‌ಗೆ ಲೋಡ್ ತುಂಬಿ ಆ ಕಷ್ಟದ ಜಾಗದಲ್ಲೇ ನಿಲ್ಸಿ ಮತ್ತೆ ಹೊರಡ್ಸಿ ನೋಡಿ.