ಮಾಯಾ ಪಿರಮಿಡ್ ಹತ್ತುವ ಪುಟ್ಟ ಗೇಮ್ ಮಾಡೋಣ

ಮೊದಲು ಒಂದೇ ಜಾಗ ಆರಿಸಿಕೊಳ್ಳಿ. ನಾನು ಆರಿಸಿದ್ದು ಮೆಕ್ಸಿಕೋದ ಯುಕಟಾನ್‌ನಲ್ಲಿರುವ ಚಿಚೆನ್ ಇಟ್ಜಾ, ಮಾಯಾ ಎಂಬ ಜನ ಕಟ್ಟಿದ ಹಳೆಯ ನಗರ. ಮಾಯಾ, ಅಜ್ಟೆಕ್ ಎಲ್ಲವನ್ನೂ ಸುಮ್ನೆ ಕಲಸಬೇಡಿ. ಅವರು ಬೇರೆ ಬೇರೆ ಜನ. ಮಾಯಾ ಭಾಷೆಗಳನ್ನಾಡುವ ಲಕ್ಷಾಂತರ ಮಂದಿ ಇವತ್ತಿಗೂ ಇದ್ದಾರೆ, ನೋಡಿದರೆ ಅವರಿಗೂ ಖುಷಿಯಾಗಬೇಕು ಅಲ್ವಾ?

ಗೇಮ್ ಮಾಡುವ ತಂತ್ರಾಂಶ ಗೋಡೋ (Godot) 4 ಉಚಿತವಾಗಿ ಸಿಗುತ್ತದೆ. ಅದರಲ್ಲಿ ಆಟದ ಪಾತ್ರಕ್ಕಾಗಿ ಕ್ಯಾರೆಕ್ಟರ್‌ಬಾಡಿ2ಡಿ (CharacterBody2D) ಎಂಬ ನೋಡ್ ಸೇರಿಸಿ, ಅದರ ರೆಡಿ ಸ್ಕ್ರಿಪ್ಟನ್ನೇ ಹಾಕಿ. ವೇಗ 300, ಜಿಗಿತ -400 (ಮೈನಸ್ ಅಂದರೆ ಮೇಲಕ್ಕೆ), ಗುರುತ್ವ 980 ಇರುತ್ತದೆ. 16 ಪಿಕ್ಸೆಲ್ ಟೈಲ್ (ದೃಶ್ಯ ಜೋಡಿಸುವ ಚೌಕ ತುಂಡು) ಬಳಸಿದರೆ ಪಾತ್ರ ಸುಮಾರು 5 ಟೈಲ್ ಎತ್ತರ, 15 ಟೈಲ್ ದೂರ ಹಾರುತ್ತದೆ. ಪಿರಮಿಡ್ ಮೆಟ್ಟಿಲಿಗೆ ಇದು ತೀರಾ ಜಾಸ್ತಿ. ವೇಗ 120ಕ್ಕೆ ಇಳಿಸಿ, ದೂರ 6 ಟೈಲಿಗೆ ಬರುತ್ತದೆ. ಅಂಚು ದಾಟಿದ ಮೇಲೂ 0.1 ಸೆಕೆಂಡ್ ಜಿಗಿಯಲು ಬಿಡಿ.

ನನಗೆ ತುಂಬಾ ಇಷ್ಟ ಬಾಗಿಲಿನ ಒಗಟು. ಮಾಯಾ ಅಂಕಿಯಲ್ಲಿ ಚುಕ್ಕೆ ಅಂದರೆ 1, ಗೆರೆ 5, ಚಿಪ್ಪು ಸೊನ್ನೆ. ಬಾಗಿಲ ಮೇಲೆ ಎರಡು ಗೆರೆ, ಅವುಗಳ ಮೇಲೆ ಮೂರು ಚುಕ್ಕೆ ಬರೆಯಿರಿ. 13 ಜೇಡ್ ಮಣಿ ಕೂಡಿಸಿದರೆ ಅದು ತೆರೆಯಲಿ. ಆದರೆ ಮೊದಲ ಬಾಗಿಲಿಗೆ ಬರೀ ಒಂದು ಚುಕ್ಕೆ, ಎರಡನೆಯದಕ್ಕೆ ಒಂದು ಗೆರೆ ಇಡಿ. ವಿವರಣೆ ಬೇಡ, ಆಡುವವರು ತಾವೇ ಕಲಿಯುತ್ತಾರೆ. 20ರಿಂದ ಮುಂದೆ ಅಂಕಿಗಳನ್ನು ಒಂದರ ಮೇಲೊಂದು ಬರೆಯುತ್ತಾರೆ. ಅದು ಎರಡನೇ ಲೆವೆಲ್‌ಗಿರಲಿ.

ಗುಂಡಿಗಳಲ್ಲಿ ಲಾವಾ ಹಾಕಬೇಡಿ. ಯುಕಟಾನ್ ಸುಣ್ಣಕಲ್ಲಿನ ನೆಲ. ಅಲ್ಲಿರುವುದು ಸೆನೋಟೆ, ಅಂದರೆ ನೆಲ ಕುಸಿದು ಆದ ನೀರಿನ ಹೊಂಡ. ಬಿದ್ದವರು ಈಜಿ ಮೇಲೆ ಬರಲಿ.