ಅಮಿಲಾಯ್ಡ್ ಬೀಟಾಗೆ ಯಾವ ಪ್ರೋಟೀನ್ ಅಡ್ಡ ಬರುತ್ತದೆ: ಥಯೋಫ್ಲೇವಿನ್ ಪರೀಕ್ಷೆ ಮಾಡುವ ಬಗೆ

ಕ್ಲಸ್ಟರಿನ್, ಟ್ರಾನ್ಸ್‌ಥೈರೆಟಿನ್, ಆಲ್ಬುಮಿನ್ ಮುಂತಾದ ಪ್ರೋಟೀನುಗಳು ಮಿದುಳು-ಬೆನ್ನುಹುರಿ ದ್ರವದಲ್ಲೇ ಇದ್ದು, ಆಲ್ಝೈಮರ್ ಕಾಯಿಲೆಯಲ್ಲಿ ಮಿದುಳಿನಲ್ಲಿ ಸೇರಿಕೊಳ್ಳುವ ಅಮಿಲಾಯ್ಡ್ ಬೀಟಾ ಪೆಪ್ಟೈಡ್ (ಚಿಕ್ಕ ಪ್ರೋಟೀನ್ ತುಂಡು) ನಾರುಗಟ್ಟುವುದನ್ನು ನಿಧಾನಗೊಳಿಸುತ್ತವೆ. ನಾರಿಗೆ ಅಂಟಿದಾಗ ಹೊಳೆಯುವ ಥಯೋಫ್ಲೇವಿನ್ ಬಣ್ಣ ಬಳಸಿ ಇದನ್ನು ಅಳೆಯುವುದು ಕಷ್ಟವಲ್ಲ. ಆದರೆ ಮಾನೊಮರ್ (ಒಂದಕ್ಕೊಂದು ಅಂಟಿಕೊಳ್ಳದ ಬಿಡಿ ಪೆಪ್ಟೈಡ್) ಶುದ್ಧವಿಲ್ಲದಿದ್ದರೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ.

42 ಅಮೈನೋ ಆಮ್ಲಗಳ ಅಮಿಲಾಯ್ಡ್ ಬೀಟಾ, ಅಂದರೆ ಬೀಟಾ-42 ಪುಡಿಯನ್ನು ನೇರವಾಗಿ ಬಫರಿಗೆ ಹಾಕಬೇಡಿ. ಅದರಲ್ಲಿ ಮೊದಲೇ ಗಂಟುಕಟ್ಟಿದ ಕಣಗಳಿರುತ್ತವೆ, ಅವು ಲ್ಯಾಗ್ ಹಂತವನ್ನೇ (ನಾರು ಕಾಣಿಸಿಕೊಳ್ಳುವ ಮುಂಚಿನ ಕಾಯುವ ಹೊತ್ತನ್ನೇ) ನುಂಗಿಬಿಡುತ್ತವೆ. ಗಂಟು ಬಿಡಿಸುವ 6 ಮೋಲಾರ್ ಗ್ವಾನಿಡಿನ್‌ನಲ್ಲಿ ಕರಗಿಸಿ, ಸೂಪರ್‌ಡೆಕ್ಸ್ 75 ಎಂಬ, ಗಾತ್ರದ ಮೇಲೆ ಅಣುಗಳನ್ನು ಬೇರ್ಪಡಿಸುವ ಕಾಲಂ ಮೂಲಕ ಹಾಯಿಸಿ, ಮಾನೊಮರ್ ಪೀಕಿನ ನಡುಭಾಗವನ್ನಷ್ಟೇ ಐಸ್ ಮೇಲೆ ಹಿಡಿದು, ಅಂದೇ ಬಳಸಿ. ಬಫರ್: 20 ಮಿಲಿಮೋಲಾರ್ ಸೋಡಿಯಂ ಫಾಸ್ಫೇಟ್, 0.2 ಮಿಲಿಮೋಲಾರ್ ಇಡಿಟಿಎ, ಪಿಎಚ್ 8. ಬೋರ್‌ವೆಲ್ ನೀರು ಬರುವ ಬೆಂಗಳೂರಿನ ಕಟ್ಟಡಗಳಲ್ಲಿ ಶುದ್ಧೀಕರಣದ ಕಾರ್ಟ್ರಿಡ್ಜ್ ಬೇಗ ಸೋಲುತ್ತದೆ. ನೀರಿನ ಶುದ್ಧತೆಯ ಮೀಟರ್ 18.2 ಮೆಗಾಓಮ್ ತೋರಿಸದ ದಿನ ಬಫರ್ ಮಾಡಲೇಬೇಡಿ.

ಅಂಟದ ಲೇಪನವಿರುವ 96 ಗುಳಿಯ ಕಪ್ಪು ಪ್ಲೇಟಿನಲ್ಲಿ ಪ್ರತಿ ಗುಳಿಗೆ 80 ಮೈಕ್ರೋಲೀಟರ್: 3 ಮೈಕ್ರೋಮೋಲಾರ್ ಪೆಪ್ಟೈಡ್, 10 ಮೈಕ್ರೋಮೋಲಾರ್ ಥಯೋಫ್ಲೇವಿನ್, ಪೆಪ್ಟೈಡಿನ ನೂರನೇ ಒಂದು ಪಾಲಿನಿಂದ ಹತ್ತನೇ ಒಂದು ಪಾಲಿನವರೆಗೆ ನಿಮ್ಮ ಪ್ರೋಟೀನ್. ಪೆಪ್ಟೈಡ್ ಕೊನೆಗೆ. ಫಿಲ್ಮ್ ಅಂಟಿಸಿ, 37 ಡಿಗ್ರಿಯಲ್ಲಿ, ಅಲುಗಾಡಿಸದೆ, 440 ನ್ಯಾನೋಮೀಟರಿನ ಬೆಳಕು ಬಿಟ್ಟು 480 ನ್ಯಾನೋಮೀಟರಿನಲ್ಲಿ ಹೊಳಪು ಓದಿ. ರೀಡರ್ ಯುಪಿಎಸ್ ಮೇಲಿರಲಿ. ಮಳೆಯ ಸಂಜೆ ಕರೆಂಟ್ ಹೋದರೆ ಪ್ಲೇಟ್ ತಣ್ಣಗಾಗಿ ಹೊಳಪಿನ ಗೆರೆ ಮುರಿಯುತ್ತದೆ.

ಬಹಳ ಜನ ಎಡವುವುದು ಹೋಲಿಕೆಗಿಡುವ ಗುಳಿಗಳಲ್ಲಿ, ಅಂದರೆ ಕಂಟ್ರೋಲ್‌ನಲ್ಲಿ. ಆಲ್ಬುಮಿನ್ ತಾನೇ ಬಣ್ಣವನ್ನು ಹಿಡಿದು ಹೊಳೆಯುತ್ತದೆ. ಹಾಗಾಗಿ ಪೆಪ್ಟೈಡ್ ಇಲ್ಲದ, ಪ್ರೋಟೀನ್ ಮಾತ್ರದ ಗುಳಿ ಬೇಕೇ ಬೇಕು. ಪ್ರೋಟೀನ್ ಉಪ್ಪಿನ ಬಫರಿನಲ್ಲಿದ್ದರೆ ಮೊದಲು ಡಯಾಲಿಸಿಸ್ ಮಾಡಿ. ಉಪ್ಪು ನಾರುಗಟ್ಟುವ ವೇಗ ಹೆಚ್ಚಿಸುತ್ತದೆ. ಇನ್ನು, ಆಗಲೇ ಬಲಿತ ನಾರಿಗೂ ಪ್ರೋಟೀನ್ ಹಾಕಿ ನೋಡಿ. ಹೊಳಪು ತಕ್ಷಣ ಇಳಿದರೆ ಅದು ತಡೆಯಲ್ಲ, ಬಣ್ಣ ಜಾಗ ಬಿಟ್ಟಿದ್ದು.

ಹೋಲಿಸಬೇಕಾದ್ದು ಕೊನೆಯ ಎತ್ತರವನ್ನಲ್ಲ, ಅರ್ಧ ಹೊಳಪಿಗೆ ಬಂದ ಸಮಯವನ್ನು. ಅಲ್ಲಿಗೂ ನಿಲ್ಲಬೇಡಿ: ನಾರಿನ ತುದಿ ಬೆಳೆಯುವುದನ್ನಷ್ಟೇ ತಡೆದು, ಹೊಸ ಕಣ ಹುಟ್ಟುವುದನ್ನು ತಡೆಯದ ಪ್ರೋಟೀನ್ ಇದ್ದರೆ ಒಲಿಗೊಮರುಗಳು, ಅಂದರೆ ಕೆಲವೇ ಪೆಪ್ಟೈಡ್ ಸೇರಿದ ಚಿಕ್ಕ ಗಂಟುಗಳು, ಹೆಚ್ಚಬಹುದು. ವಿಷ ಹೆಚ್ಚಾಗಿ ಅವುಗಳದ್ದೇ, ಥಯೋಫ್ಲೇವಿನ್‌ಗೆ ಅವು ಕಾಣುವುದೂ ಕಡಿಮೆ. ಬಣ್ಣ ಹಾಕದ ಜೋಡಿ ಗುಳಿಯಿಂದ ಅರ್ಧ ಹೊಳಪಿನ ಹೊತ್ತಿಗೆ ತೆಗೆದ ಮಾದರಿಯನ್ನು ಎಸ್‌ಎಚ್-ಎಸ್‌ವೈ5ವೈ ಎಂಬ, ಪ್ರಯೋಗಾಲಯದಲ್ಲಿ ಬೆಳೆಸುವ ನರಕೋಶದಂಥ ಕೋಶಗಳಿಗೆ ಹಾಕಿ, ಎಲ್‌ಡಿಎಚ್ (ಕೋಶ ಹರಿದರೆ ಹೊರಬರುವ ಕಿಣ್ವ) ಸೋರಿಕೆ ಅಳೆಯಿರಿ. ಬದುಕಿರುವ ಕೋಶ ಮಾಡುವ ಬಣ್ಣದ ಫಾರ್ಮಜಾನ್ ಹರಳನ್ನು ಅಳೆಯುವ ಎಂಟಿಟಿ ಪರೀಕ್ಷೆ ಒಂದನ್ನೇ ನಂಬಬೇಡಿ. ಅಮಿಲಾಯ್ಡ್ ಬೀಟಾ ಫಾರ್ಮಜಾನ್ ಹರಳನ್ನು ಕೋಶದಿಂದ ಹೊರದೂಡುವುದರಿಂದ ಬದುಕಿರುವ ಕೋಶವೂ ಸತ್ತಂತೆ ಕಾಣುತ್ತದೆ.